ಬೈಲಿನ ಬದಿಯಿಂದ ಸೂರ್ಯನ ಫೋಟೋ: ಎಚ್-ಆಲ್ಫಾ ಟೆಲಿಸ್ಕೋಪ್ ಇಟ್ಟುಕೊಂಡು ಕೆಲಸ ಮಾಡುವ ಕ್ರಮ

ಬೆಳಿಗ್ಗೆ ಎಂಟೂವರೆಗೆ ಸೂರ್ಯ ನಮ್ಮ ಅಡಿಕೆ ತೋಟದ ತಲೆ ದಾಟಿ ಮೇಲೆ ಬರುತ್ತಾನೆ. ಅಷ್ಟು ಹೊತ್ತಿಗೆ ಟೆಲಿಸ್ಕೋಪ್ ಬೈಲಿನ ಬದಿಯಲ್ಲಿ ತಯಾರಾಗಿ ನಿಂತಿರಬೇಕು. ಹತ್ತೂವರೆಗೆ ಎಲ್ಲ ಬಿಚ್ಚಿ ಒಳಗೆ ತರಬೇಕು. ನಡುವಿನ ಈ ಎರಡು ಗಂಟೆಯಲ್ಲಿ ಏನೇನು ಮಾಡಬೇಕು, ಆಮೇಲೆ ಕಂಪ್ಯೂಟರಿನಲ್ಲಿ ಏನು ಮಾಡಬೇಕು, ಮಳೆಗಾಲದಲ್ಲಿ ಸಾಮಾನನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂದು ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ. ನಾನಿರುವುದು ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ. ಮಂಜೇಶ್ವರ, ಕುಂಬಳೆ, ಮುಳ್ಳೇರಿಯದವರಿಗೂ, ಆಚೆ ದಕ್ಷಿಣ ಕನ್ನಡದವರಿಗೂ ಇದೇ ಲೆಕ್ಕ ಹೊಂದುತ್ತದೆ.

ನನಗೆ ಈ ಹುಚ್ಚು ಹಿಡಿದದ್ದು 2019ರ ಡಿಸೆಂಬರ್ 26ರಂದು. ಆ ದಿನದ ಕಂಕಣ ಗ್ರಹಣ ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಎಲ್ಲೆಲ್ಲಿಂದಲೋ ಜನ ಬಂದಿದ್ದರು. ನಾನೂ ಹೋಗಿದ್ದೆ. ಅಲ್ಲಿ ಯಾರೋ ಒಬ್ಬರು ಸಣ್ಣದೊಂದು ಕೆಂಪು ಬೆಳಕಿನ ಟೆಲಿಸ್ಕೋಪ್ ತಂದಿದ್ದರು. ಸಾಲಿನಲ್ಲಿ ನಿಂತು ಅರ್ಧ ನಿಮಿಷ ನೋಡಿದೆ. ಗ್ರಹಣದ ಕನ್ನಡಕದಲ್ಲಿ ಸುಮ್ನೆ ಒಂದು ಬಿಲ್ಲೆಯ ಹಾಗೆ ಕಂಡ ಸೂರ್ಯನಿಗೆ ಇದರಲ್ಲಿ ಮೈತುಂಬ ನೇಯ್ಗೆ ಇತ್ತು. ಅವತ್ತಿನಿಂದ ಮನಸ್ಸು ಅಲ್ಲೇ ನಿಂತಿದೆ.

ಆ ಕೆಂಪು ಬೆಳಕು ಏನು ಅಂದರೆ, ಹೈಡ್ರೋಜನ್ ಪರಮಾಣುವಿನ ಎಲೆಕ್ಟ್ರಾನ್ ಮೂರನೇ ಮಟ್ಟದಿಂದ ಎರಡನೇ ಮಟ್ಟಕ್ಕೆ ಇಳಿಯುವಾಗ ಹೊರಬರುವ 656.28 ನ್ಯಾನೋಮೀಟರಿನ ಬೆಳಕು. ಎಚ್-ಆಲ್ಫಾ ಅನ್ನುವುದು ಇದನ್ನೇ. ನಾವು ದಿನಾ ನೋಡುವ ಬಿಳಿ ಬಿಂಬದ ಮೇಲೆ ತೆಳುವಾದ ಇನ್ನೊಂದು ಪದರ ಇದೆ, ವರ್ಣಗೋಳ ಅಂತ. ಈ ಬೆಳಕಿನಲ್ಲಿ ಕಾಣುವುದು ಅದು. ಉಳಿದ ಬಣ್ಣಗಳ ಬೆಳಕಿನ ನಡುವೆ ಅದು ಮುಚ್ಚಿಹೋಗುತ್ತದೆ. ಆದ್ದರಿಂದ 656.28ರ ಸುತ್ತ ಕೂದಲೆಳೆಯಷ್ಟು, ಅಂದರೆ 0.07 ನ್ಯಾನೋಮೀಟರಿನಷ್ಟು ಅಗಲವನ್ನು ಮಾತ್ರ ಬಿಟ್ಟು ಬಾಕಿ ಎಲ್ಲವನ್ನೂ ತಡೆಯುವ ಫಿಲ್ಟರ್ ಬೇಕು. ಆಗ ಅಂಚಿನಲ್ಲಿ ಎದ್ದು ನಿಂತ ಪ್ರಾಮಿನೆನ್ಸ್‌ಗಳು, ಬಿಂಬದ ಮೇಲೆ ಕಪ್ಪು ದಾರದ ಹಾಗೆ ಬಿದ್ದ ಫಿಲಮೆಂಟುಗಳು, ಕಲೆಗಳ ಸುತ್ತ ಸುಳಿಗಳು ಕಾಣುತ್ತವೆ. ಪ್ರಾಮಿನೆನ್ಸ್ ಮತ್ತು ಫಿಲಮೆಂಟ್ ಎರಡೂ ಒಂದೇ ವಸ್ತು. ಕತ್ತಲೆ ಆಕಾಶದ ಎದುರು ಕಂಡಾಗ ಹೊಳೆಯುತ್ತದೆ, ಬಿಂಬದ ಎದುರು ಬಂದಾಗ ಕಪ್ಪಾಗಿ ಕಾಣುತ್ತದೆ, ಅಷ್ಟೇ.

ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿದಾಗ ಇದು ಕಾಣುವುದು ಒಂದು ಕೆಂಪು ಗೆರೆಯಾಗಿ. ಈ ಗೆರೆಯ ಕಥೆಗೂ ನಮ್ಮ ಕಡೆಗೂ ಹಳೆಯ ನಂಟಿದೆ. 1868ರ ಆಗಸ್ಟ್ 18ರ ಪೂರ್ಣ ಗ್ರಹಣ ನೋಡಲು ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್ ಗುಂಟೂರಿಗೆ ಬಂದಿದ್ದರು. ಆಗ ಗುಂಟೂರೂ ನಮ್ಮ ಕಾಸರಗೋಡೂ ಒಂದೇ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಪ್ರಾಮಿನೆನ್ಸ್‌ನ ಗೆರೆಗಳು ಎಷ್ಟು ಪ್ರಖರವಾಗಿ ಕಂಡವೆಂದರೆ, ಮರುದಿನ ಗ್ರಹಣ ಇಲ್ಲದಾಗಲೂ ಅವರು ಅವನ್ನು ಹುಡುಕಿ ನೋಡಿದರು. ಆಮೇಲೆ ಕೊಡೈಕನಾಲ್ ವೀಕ್ಷಣಾಲಯದಲ್ಲಿ 1912ರಿಂದ ದಶಕಗಟ್ಟಲೆ ಎಚ್-ಆಲ್ಫಾ ಚಿತ್ರಗಳನ್ನು ಗಾಜಿನ ಫಲಕಗಳ ಮೇಲೆ ಹಿಡಿದಿಟ್ಟರು. ನಾವು ಮನೆಯಂಗಳದಲ್ಲಿ ಮಾಡುವುದು ಅದೇ ಕೆಲಸದ ಸಣ್ಣ ರೂಪ.

ಮೊದಲು ಕಣ್ಣು

ಇದನ್ನು ಓದದೆ ಮುಂದೆ ಹೋಗಬೇಡಿ. ಎಚ್-ಆಲ್ಫಾ ಎಂಬ ಹೆಸರಿನಲ್ಲಿ ಅಂಗಡಿಯಲ್ಲಿ ಎರಡು ಬಗೆಯ ಫಿಲ್ಟರ್ ಸಿಗುತ್ತವೆ. ಒಂದು ಸೂರ್ಯನಿಗೆ. ಇನ್ನೊಂದು ರಾತ್ರಿ ನೀಹಾರಿಕೆಗಳ ಫೋಟೋ ತೆಗೆಯಲು ಕ್ಯಾಮೆರಾದ ಎದುರು ಹಾಕುವ ಗಾಜು. ಎರಡನೆಯದರ ಅಗಲ 7 ನ್ಯಾನೋಮೀಟರ್, 12 ನ್ಯಾನೋಮೀಟರ್ ಹೀಗೆ ಇರುತ್ತದೆ, ಅಂದರೆ ನಮಗೆ ಬೇಕಾದದ್ದಕ್ಕಿಂತ ನೂರು ಪಟ್ಟು ಅಥವಾ ಅದಕ್ಕಿಂತಲೂ ಜಾಸ್ತಿ, ಮತ್ತು ಸೂರ್ಯನ ಶಾಖ ತಡೆಯುವ ಏರ್ಪಾಡು ಅದರಲ್ಲಿ ಇಲ್ಲವೇ ಇಲ್ಲ. ಅದನ್ನು ಹಾಕಿ ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ. ನನ್ನ ಭಾವನಿಗೆ ಒಂದು ಅಂಗಡಿಯಲ್ಲಿ ‘ಇದೂ ಎಚ್-ಆಲ್ಫಾವೇ ಅಲ್ವಾ, ಸೂರ್ಯನಿಗೂ ಆಗುತ್ತದೆ’ ಎಂದು ಇದನ್ನೇ ಕೊಡಲು ಹೊರಟಿದ್ದರು. ಅವನು ಫೋನ್ ಮಾಡಿ ನನ್ನನ್ನು ಕೇಳಿದ್ದರಿಂದ ಉಳಿದ.

ಸೂರ್ಯನಿಗೆ ಎಂದೇ ಮಾಡಿದ ಟೆಲಿಸ್ಕೋಪಿನಲ್ಲಿ ಮೂರು ಕಾವಲುಗಾರರಿದ್ದಾರೆ. ಶಾಖ ತಡೆಯುವ ಗಾಜು, ಕೂದಲೆಳೆ ಬೆಳಕನ್ನು ಆರಿಸುವ ಎಟಲಾನ್, ಮತ್ತೆ ಕಣ್ಣಿನ ಹತ್ತಿರ, ಬೆಳಕನ್ನು ಬದಿಗೆ ತಿರುಗಿಸುವ ಡಯಾಗನಲ್ಲಿನೊಳಗೆ ಕೂತ ಬ್ಲಾಕಿಂಗ್ ಫಿಲ್ಟರ್. ಎಟಲಾನ್ ಒಂದೇ ಇದ್ದರೆ ಸಾಲದು, ಯಾಕೆಂದರೆ ಅದು ಬೇರೆ ಬೇರೆ ತರಂಗಾಂತರಗಳಲ್ಲೂ ಬೆಳಕನ್ನು ಬಿಡುತ್ತದೆ. ಬೇಡದ್ದನ್ನು ತಡೆಯುವುದು ಬ್ಲಾಕಿಂಗ್ ಫಿಲ್ಟರಿನ ಕೆಲಸ. ಹಾಗಾಗಿ ಆ ಡಯಾಗನಲ್ ತೆಗೆದು ಮಾಮೂಲಿ ಡಯಾಗನಲ್ ಹಾಕಿ ಯಾವತ್ತೂ ನೋಡಬೇಡಿ. ಕಲೆ ನೋಡಲು ಬಳಸುವ ಬಿಳಿ ಬೆಳಕಿನ ಫಿಲ್ಮ್ ಬೇರೆ ವಸ್ತು. ಅದು ಬೆಳಕನ್ನು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುತ್ತದೆ, ಅದನ್ನು ಟೆಲಿಸ್ಕೋಪಿನ ಮುಂದುಗಡೆ ಕಟ್ಟಬೇಕು. ಎಚ್-ಆಲ್ಫಾಗೆ ಅದು ಬದಲಿ ಅಲ್ಲ.

ಗುರಿ ಹಿಡಿಯಲು ಬದಿಯಲ್ಲಿ ಕಟ್ಟುವ ಸಣ್ಣ ದುರ್ಬೀನು, ಅಂದರೆ ಫೈಂಡರ್, ಇದ್ದರೆ ಬಿಚ್ಚಿ ಮನೆಯಲ್ಲೇ ಇಡಿ. ಮಕ್ಕಳಿರುವ ಮನೆಯಾದರೆ ಟೆಲಿಸ್ಕೋಪ್ ಬಿಟ್ಟು ನೀರು ಕುಡಿಯಲು ಹೋಗುವಾಗಲೂ ಮುಂದಿನ ಮುಚ್ಚಳ ಹಾಕಿ ಹೋಗಿ. ನೆರೆಮನೆಯ ಹುಡುಗರು ಓಡಿ ಬರುತ್ತಾರೆ, ಬರಲಿ. ಅವರಿಗೆ ತೋರಿಸುವ ಮೊದಲು ನೀವೇ ಒಮ್ಮೆ ಎಲ್ಲ ಜೋಡಣೆ ಮುಟ್ಟಿ ನೋಡಿ.

ಯಾವ ಸಾಮಾನು

ಸಣ್ಣದರಿಂದ ಶುರು ಮಾಡಿದರೆ ಸಾಕು. ಇಲ್ಲಿ ಮಿಲಿಮೀಟರ್ ಅಂದರೆ ಟೆಲಿಸ್ಕೋಪಿನ ಬಾಯಿಯ ಅಗಲ. ಕೊರೊನಾಡೋ ಪಿಎಸ್‌ಟಿ 40 ಮಿಲಿಮೀಟರಿನದು, ಲಂಟ್ ಕಂಪನಿಯದು 40, 50, 60 ಮಿಲಿಮೀಟರಿನಲ್ಲಿ ಸಿಗುತ್ತವೆ. ಈಗಾಗಲೇ ರಿಫ್ರ್ಯಾಕ್ಟರ್, ಅಂದರೆ ಲೆನ್ಸಿನ ಟೆಲಿಸ್ಕೋಪ್, ಇರುವವರು ಡೇಸ್ಟಾರ್ ಕ್ವಾರ್ಕ್ ಹಾಕಬಹುದು. ಅದು ಐಪೀಸ್ (ಕಣ್ಣಿಡುವ ಲೆನ್ಸು) ಇರುವ ಜಾಗದಲ್ಲಿ ಕೂರುತ್ತದೆ, ಒಳಗೇ 4.3 ಪಟ್ಟು ಹಿಗ್ಗಿಸುವ ಬಾರ್ಲೋ ಇದೆ, ಕರೆಂಟ್ ಬೇಕು, ಬಿಸಿಯಾಗಿ ಸರಿಯಾದ ಜಾಗಕ್ಕೆ ಬರಲು ಐದು ಹತ್ತು ನಿಮಿಷ ಕಾಯಬೇಕು. ಕನ್ನಡಿಯ ಟೆಲಿಸ್ಕೋಪಿಗೆ ಅದನ್ನು ಸುಮ್ನೆ ಹಾಕುವಂತಿಲ್ಲ. ಮೊದಲ ಟೆಲಿಸ್ಕೋಪಾಗಿ ನಾನು ಹೇಳುವುದು 50 ಮಿಲಿಮೀಟರಿನದು. ಇಡೀ ಬಿಂಬ ಒಂದೇ ಫೋಟೋದಲ್ಲಿ ಬರುತ್ತದೆ, ಒಂದೇ ಕೈಯಲ್ಲಿ ಎತ್ತಿಕೊಂಡು ಗದ್ದೆಯ ಹುಣಿ ಮೇಲೆ ನಡೆಯಬಹುದು. ಬೆಲೆ ಖಂಡಿತ ಜಾಸ್ತಿಯೇ. ನಾವು ಮೂವರು ಸೇರಿ ಕೊಂಡೆವು.

ಕೈಯಲ್ಲಿ ಕೆಲಸ ಬಲ್ಲವರಿಗೆ ಇನ್ನೊಂದು ದಾರಿ ಇದೆ. ಸೋಲ್‌ಎಕ್ಸ್ ಅಂತ, ಫ್ರಾನ್ಸಿನ ಕ್ರಿಶ್ಚಿಯನ್ ಬ್ಯೂಯಿಲ್ ವಿನ್ಯಾಸ ಮಾಡಿದ್ದು. ತ್ರೀಡಿ ಪ್ರಿಂಟರಿನಲ್ಲಿ ಭಾಗಗಳನ್ನು ಮಾಡಿ, ಸೀಳುಗಂಡಿ ಮತ್ತು ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗ್ ಜೋಡಿಸಿ, ಸೂರ್ಯನನ್ನು ಗೆರೆ ಗೆರೆಯಾಗಿ ಸ್ಕ್ಯಾನ್ ಮಾಡುವುದು. ಎಟಲಾನ್ ಬೇಡ, ಖರ್ಚು ಕಡಿಮೆ. ಆದರೆ ಅದರಲ್ಲಿ ಕಣ್ಣಿಟ್ಟು ನೋಡುವ ಸುಖ ಇಲ್ಲ.

ಕ್ಯಾಮೆರಾ ಕಪ್ಪುಬಿಳುಪಿನದೇ ಇರಲಿ. ಕಲರ್ ಕ್ಯಾಮೆರಾದಲ್ಲಿ ನಾಲ್ಕು ಪಿಕ್ಸೆಲಿಗೆ ಒಂದು ಮಾತ್ರ ಕೆಂಪಿನದು, ಬಾಕಿ ಮೂರು ಈ ಬೆಳಕಿನಲ್ಲಿ ಹೆಚ್ಚುಕಡಿಮೆ ಸುಮ್ಮನಿರುತ್ತವೆ. ಸೆನ್ಸರ್ ಆರಿಸುವಾಗ ಎರಡು ಲೆಕ್ಕ ಮಾಡಿ. ಮೊದಲನೆಯದು, ಟೆಲಿಸ್ಕೋಪಿನ ಫೋಕಲ್ ಲೆಂತನ್ನು 107ರಿಂದ ಭಾಗಿಸಿದರೆ ಸೆನ್ಸರ್ ಮೇಲೆ ಸೂರ್ಯನ ಬಿಂಬ ಎಷ್ಟು ದೊಡ್ಡದು ಎಂದು ಸಿಗುತ್ತದೆ. 350 ಮಿಲಿಮೀಟರಿಗೆ ಸುಮಾರು 3.3 ಮಿಲಿಮೀಟರ್. ಐಎಂಎಕ್ಸ್ 178 ಸೆನ್ಸರಿನ ಎತ್ತರ 5 ಮಿಲಿಮೀಟರ್, ಹಾಗಾಗಿ ಸುತ್ತಲೂ ಜಾಗ ಬಿಟ್ಟು ಆರಾಮವಾಗಿ ಕೂರುತ್ತದೆ. ಐಎಂಎಕ್ಸ್ 290ರ ಎತ್ತರ 3.2 ಮಾತ್ರ, ಅಂಚು ಕತ್ತರಿಸಿಹೋಗುತ್ತದೆ. ಎರಡನೆಯದು, ಪಿಕ್ಸೆಲಿನ ಅಳತೆಯನ್ನು ಮೈಕ್ರಾನಿನಲ್ಲಿ ತೆಗೆದುಕೊಂಡು ಮೂರರಿಂದ ಗುಣಿಸಿ. ಬರುವ ಸಂಖ್ಯೆಯೇ ನಿಮಗೆ ಬೇಕಾದ ಎಫ್ ಅನುಪಾತ, ಅಂದರೆ ಫೋಕಲ್ ಲೆಂತನ್ನು ಬಾಯಿಯ ಅಗಲದಿಂದ ಭಾಗಿಸಿದ್ದು. 178ರ ಪಿಕ್ಸೆಲ್ 2.4 ಮೈಕ್ರಾನ್, ಅಂದರೆ ಎಫ್ 7. ಐವತ್ತರ ಟೆಲಿಸ್ಕೋಪೂ ಎಫ್ 7. ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ, ಬಾರ್ಲೋ ಬೇಡವೇ ಬೇಡ. ಕ್ವಾರ್ಕ್‌ನಂಥ ಹಿಗ್ಗಿಸುವ ಸಾಧನಕ್ಕೆ 5.86 ಮೈಕ್ರಾನಿನ 174 ಅಥವಾ ಅದಕ್ಕಿಂತ ದೊಡ್ಡ ಪಿಕ್ಸೆಲ್ ಇರುವ 432 ಸರಿ.

ಕ್ಯಾಮೆರಾ ಇಲ್ಲದವರು ಮೊಬೈಲನ್ನು ಐಪೀಸಿಗೆ ಕಟ್ಟಿ ವಿಡಿಯೋ ತೆಗೆಯಬಹುದು. ಎಕ್ಸ್‌ಪೋಷರ್ ಕೈಯಿಂದ ಇಳಿಸಿ, ಬಿಂಬ ಮಂಕಾಗಿ ಕಾಣುವಷ್ಟು. ಇಲ್ಲದಿದ್ದರೆ ಕೆಂಪು ತುಂಬಿ ತುಳುಕಿ ಒಂದು ಟೊಮೆಟೊ ಮಾತ್ರ ಸಿಗುತ್ತದೆ.

ಜಾಗ ಮತ್ತು ಹೊತ್ತು

ಇದೇ ಎಲ್ಲಕ್ಕಿಂತ ದೊಡ್ಡ ವಿಷಯ. ದುಡ್ಡು ಹಾಕಿ ದೊಡ್ಡ ಟೆಲಿಸ್ಕೋಪ್ ತಂದವರು ಕಾಂಕ್ರೀಟ್ ಟೆರೇಸಿನ ಮೇಲೆ ಮಧ್ಯಾಹ್ನ ಹನ್ನೆರಡಕ್ಕೆ ಇಟ್ಟು, ಫೋಟೋ ಕಲಸಿಹೋಗುತ್ತದೆ ಎಂದು ಬೇಸರ ಮಾಡಿಕೊಳ್ಳುವುದನ್ನು ಕಂಡಿದ್ದೇನೆ. ರಾತ್ರಿ ನಕ್ಷತ್ರ ನೋಡುವವರಿಗೆ ಕತ್ತಲೆ ಬೇಕು, ಸೂರ್ಯನನ್ನು ಹಿಡಿಯುವವರಿಗೆ ಬೇಕಾದದ್ದು ಅಲುಗಾಡದ ಗಾಳಿ. ಬಿಸಿಯಾದ ನೆಲದಿಂದ ಏಳುವ ಗಾಳಿ ಬಿಂಬವನ್ನು ಕುದಿಯುವ ನೀರಿನ ತಳದಂತೆ ಕುಣಿಸುತ್ತದೆ.

ನಮ್ಮಲ್ಲಿ ಕೆಟ್ಟ ಜಾಗ ಯಾವುದು ಅಂದರೆ ಮುರಕಲ್ಲಿನ ಪಾರೆ. ನೋಟ ತೆರೆದಿರುತ್ತದೆ, ಕಾರು ಹೋಗುತ್ತದೆ, ಸೂರ್ಯ ಬೇಗ ಸಿಗುತ್ತಾನೆ, ಇಷ್ಟೆಲ್ಲ ಇದ್ದರೂ ಒಂಬತ್ತು ಗಂಟೆಗೆಲ್ಲ ಕಲ್ಲು ಕಾದು ಕೆಲಸ ಕೆಡುತ್ತದೆ. ಅಡಿಕೆ ಒಣಗಿಸುವ ಅಂಗಳವೂ ಅಷ್ಟೇ. ಅಡಿಕೆ ಒಣಗಲಿ ಎಂದೇ ಬಿಸಿಲು ಹಿಡಿಯುವ ಹಾಗೆ ಮಾಡಿದ ಜಾಗ ಅದು. ಹಂಚಿನ ಮಾಡಿನ ಮೇಲಿಂದ ಸೂರ್ಯ ಏಳುವ ಕಡೆಯೂ ಬೇಡ, ಮಾಡಿನ ಬಿಸಿ ನೇರ ನಿಮ್ಮ ನೋಟದ ದಾರಿಗೇ ಬರುತ್ತದೆ.

ಒಳ್ಳೆಯ ಜಾಗ ಬೈಲು. ಪೂರ್ವಕ್ಕೆ ಹಸಿರು ಗದ್ದೆ, ಬದಿಯಲ್ಲಿ ತೋಡು, ಹುಲ್ಲಿನ ಮೇಲೆ ಇನ್ನೂ ಆರದ ಇಬ್ಬನಿ. ಒದ್ದೆ ನೆಲ ನಿಧಾನಕ್ಕೆ ಕಾಯುತ್ತದೆ, ಗಾಳಿ ಹೆಚ್ಚು ಹೊತ್ತು ಸುಮ್ಮನಿರುತ್ತದೆ. ಉದಯಪುರದ ಸೌರ ವೀಕ್ಷಣಾಲಯವನ್ನು ಫತೇಸಾಗರ ಕೆರೆಯ ನಡುವಿನ ದ್ವೀಪದಲ್ಲಿ ಕಟ್ಟಿರುವುದೂ ಇದೇ ಕಾರಣಕ್ಕೆ, ನೀರು ಸುತ್ತ ಇದ್ದರೆ ಗಾಳಿ ಶಾಂತ. ನಮಗೆ ದ್ವೀಪ ಇಲ್ಲದಿದ್ದರೂ ಗದ್ದೆ ಇದೆ. ಗದ್ದೆಯೂ ಇಲ್ಲದವರು ಕೆರೆಯ ಪಶ್ಚಿಮ ದಂಡೆಯಲ್ಲಿ ನಿಂತು ನೀರಿನ ಮೇಲಿಂದ ನೋಡಿ.

ಹೊತ್ತು ಎಂಟೂವರೆಯಿಂದ ಹತ್ತರವರೆಗೆ. ಅದಕ್ಕಿಂತ ಮೊದಲು ಸೂರ್ಯ ತೀರಾ ಕೆಳಗಿದ್ದು ಬೆಳಕು ದಪ್ಪ ಗಾಳಿಯ ಪದರ ದಾಟಿ ಬರಬೇಕಾಗುತ್ತದೆ, ಬೈಲಿನ ಮಂಜೂ ಇರುತ್ತದೆ. ಆಮೇಲೆ ನೆಲ ಕಾಯುತ್ತದೆ, ಹನ್ನೊಂದರ ಸುಮಾರಿಗೆ ಕಡಲ ಗಾಳಿ ಶುರು. ತಿಂಗಳು ಕೇಳಿದರೆ ಡಿಸೆಂಬರಿನಿಂದ ಫೆಬ್ರವರಿ. ಮಾರ್ಚಿನ ನಂತರ ಆಕಾಶ ಹಾಲು ಬೆರೆಸಿದ ಹಾಗಾಗುತ್ತದೆ, ಬಿಂಬ ಸಿಕ್ಕರೂ ಪ್ರಾಮಿನೆನ್ಸ್ ಮಂಕು. ತೆಳ್ಳಗಿನ ಎತ್ತರದ ಮೋಡ ಇದ್ದರೂ ಅದೇ ಗತಿ. ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರಲ್ಲ, ನಾನೂ ಅವತ್ತೇ ಟೆಲಿಸ್ಕೋಪ್ ಕಟ್ಟಿ ಒಳಗಿಡುವುದು.

ಹೊರಡುವ ಮುಂಚೆ ಸೂರ್ಯನಲ್ಲಿ ಏನಿದೆ ಎಂದು ಮೊಬೈಲಿನಲ್ಲೇ ನೋಡಿಕೊಳ್ಳಬಹುದು. ಗಾಂಗ್ ಎಂಬ ಜಾಲದ ಆರು ಕೇಂದ್ರಗಳು ಸರದಿಯಲ್ಲಿ ಎಚ್-ಆಲ್ಫಾ ಚಿತ್ರ ಹಾಕುತ್ತಲೇ ಇರುತ್ತವೆ, ಅದರಲ್ಲಿ ಒಂದು ಉದಯಪುರದ್ದೇ. ಯಾವ ಅಂಚಿನಲ್ಲಿ ದೊಡ್ಡ ಪ್ರಾಮಿನೆನ್ಸ್ ಇದೆ ಎಂದು ಗೊತ್ತಿದ್ದರೆ ಎರಡು ಗಂಟೆಯಲ್ಲಿ ಕಾಲು ಗಂಟೆ ಉಳಿಯುತ್ತದೆ.

ನಿಲ್ಲಿಸುವುದು, ಸೂರ್ಯನನ್ನು ಹಿಡಿಯುವುದು

ಸುಮ್ನೆ ನೋಡುವುದಕ್ಕೆ ಯಾವ ಟ್ರೈಪಾಡ್ ಆದರೂ ಸಾಕು. ಫೋಟೋಗೆ ಸೂರ್ಯನ ಹಿಂದೆ ತಾನೇ ತಿರುಗುವ ಮೌಂಟ್ ಬೇಕು, ವೇಗವನ್ನು ಸೂರ್ಯನದಕ್ಕೆ ಇಡಬೇಕು. ನಮ್ಮ ಊರಿನ ಅಕ್ಷಾಂಶ 12.5 ಡಿಗ್ರಿ, ಅಂದರೆ ಧ್ರುವ ನಕ್ಷತ್ರದ ಕಡೆ ಅಕ್ಷ ತಿರುಗಿಸಿ ನಿಲ್ಲಿಸುವ ಈಕ್ವಟೋರಿಯಲ್ ಮೌಂಟಿನಲ್ಲಿ ಆ ಅಕ್ಷ ಹೆಚ್ಚುಕಡಿಮೆ ಮಲಗಿರುತ್ತದೆ. ಎಷ್ಟೋ ಮೌಂಟುಗಳಲ್ಲಿ ತೂಕದ ಸರಳು ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಟ್ರೈಪಾಡನ್ನು ತಿರುಗಿಸಿ ಸರಳು ಎರಡು ಕಾಲುಗಳ ನಡುವೆ ಬರುವ ಹಾಗೆ ನಿಲ್ಲಿಸಿದರೆ ತಪ್ಪುತ್ತದೆ. ಕೊಳ್ಳುವ ಮೊದಲೇ ಅದು ಇಷ್ಟು ಕೆಳಗೆ ಇಳಿಯುತ್ತದೋ ಎಂದು ಕೇಳಿ.

ಹಗಲಲ್ಲಿ ಧ್ರುವ ನಕ್ಷತ್ರ ಇಲ್ಲ. ಉತ್ತರಕ್ಕೆ ಮೊಬೈಲಿನ ದಿಕ್ಸೂಚಿ ಸಾಕು, ಆದರೆ ಮೌಂಟಿನ ಕಬ್ಬಿಣದಿಂದ ದೂರ ನಿಂತು ನೋಡಿ. ಇನ್ನೂ ಖಚಿತ ಬೇಕಾದರೆ ಒಂದು ದಿನ ತೂಗುಗುಂಡಿನ ದಾರ ಇಳಿಬಿಟ್ಟು, ಸೂರ್ಯ ನೆತ್ತಿಯ ಗೆರೆ ದಾಟುವಾಗ ನೆರಳಿನ ಮೇಲೆ ಎರಡು ಗೂಟ ಹೊಡೆದುಬಿಡಿ, ಅದೇ ಉತ್ತರ-ದಕ್ಷಿಣ. ನಮ್ಮಲ್ಲಿ ಆ ಹೊತ್ತು ಗಡಿಯಾರದ ಹನ್ನೆರಡಲ್ಲ. ನಾವು 75 ಡಿಗ್ರಿ ರೇಖಾಂಶದಲ್ಲಿದ್ದೇವೆ, ಗಡಿಯಾರ 82.5 ಡಿಗ್ರಿಯದ್ದು, ಆದ್ದರಿಂದ ಸರಾಸರಿ ಹನ್ನೆರಡೂವರೆಗೆ. ನವೆಂಬರ್ ಆರಂಭದಲ್ಲಿ 12.14ರ ಸುಮಾರು, ಫೆಬ್ರವರಿ ನಡುವಿನಲ್ಲಿ 12.44ರ ಸುಮಾರು. ನನ್ನ ಗೂಟಗಳು ಈಗಲೂ ಹುಣಿಯ ಮೇಲಿವೆ.

ಸೂರ್ಯನ ಕಡೆ ಕೊಳವೆ ತಿರುಗಿಸಲು ಕಣ್ಣು ಬೇಡ, ನೆಲದ ಮೇಲಿನ ನೆರಳು ನೋಡಿ. ಕೊಳವೆಯ ನೆರಳು ಅತಿ ಸಣ್ಣ ಉರುಟು ಆದಾಗ ಸೂರ್ಯ ಒಳಗೆ ಬಂದ ಎಂದು ಅರ್ಥ. ಲ್ಯಾಪ್‌ಟಾಪಿಗೆ ನೆರಳು ಬೇಕು. ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಮಲಗಿಸಿ ಒಳಗಿಟ್ಟು, ತಲೆಯ ಮೇಲೆ ಕಪ್ಪು ಬಟ್ಟೆ ಹಾಕಿಕೊಳ್ಳುತ್ತೇನೆ. ಬಟ್ಟೆಯೊಳಗೆ ಇಲ್ಲದಾಗ ತಲೆಗೆ ಮುಟ್ಟಾಳೆ. ಅಡಿಕೆ ಹಾಳೆಯ ಈ ಟೊಪ್ಪಿಯಷ್ಟು ತಂಪು ಬೇರೆ ಯಾವುದೂ ಇಲ್ಲ.

ಟ್ಯೂನ್ ಮಾಡುವುದು

ಹೊಸಬರು ಎಡವುವುದು ಇಲ್ಲಿ. ಕಣ್ಣಿಟ್ಟು ನೋಡಿದರೆ ಕೆಂಪು ಬಿಲ್ಲೆ ಕಾಣುತ್ತದೆ, ಒಳಗೆ ಏನೂ ಇಲ್ಲ, ಟೆಲಿಸ್ಕೋಪೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಫಿಲ್ಟರ್ ಸರಿಯಾಗಿ ಆ ಕೆಂಪು ಗೆರೆಯ ಮೇಲೆ ಕೂತಿಲ್ಲ, ಅಂದರೆ ಟ್ಯೂನ್ ಆಗಿಲ್ಲ, ಅಷ್ಟೇ. ಮೊದಲು ಬಿಂಬದ ಅಂಚು ಚೂಪಾಗುವವರೆಗೆ ಫೋಕಸ್ ಮಾಡಿ. ಆಮೇಲೆ ಟ್ಯೂನರ್ ಮುಟ್ಟಿ. ಪಿಎಸ್‌ಟಿಯಲ್ಲಿ ಅದು ಕೊಳವೆಯ ಮೇಲಿನ ಬಳೆ, ಲಂಟ್‌ನಲ್ಲಿ ಗಾಳಿಯ ಒತ್ತಡ ಬದಲಿಸುವ ಗುಬುಟು, ಕ್ವಾರ್ಕ್‌ನಲ್ಲಿ ಬಿಸಿ ಹೆಚ್ಚು ಕಡಿಮೆ ಮಾಡುವ ಗುಂಡಿ. ನಿಧಾನಕ್ಕೆ ತಿರುಗಿಸುತ್ತಾ ಒಂದು ಫಿಲಮೆಂಟಿನ ಮೇಲೆ ಕಣ್ಣಿಡಿ. ಅದು ಅತಿ ಕಪ್ಪಾಗಿ ಕಂಡ ಜಾಗವೇ ಗೆರೆಯ ನಡು. ಅಂಚಿನ ಪ್ರಾಮಿನೆನ್ಸ್ ನೋಡಿ ಟ್ಯೂನ್ ಮಾಡಿದರೆ ಮೋಸ ಹೋಗುತ್ತೀರಿ. ಸ್ವಲ್ಪ ತಪ್ಪಿದರೂ ಅದು ಕಾಣುತ್ತಲೇ ಇರುತ್ತದೆ.

ನಿನ್ನೆಯ ಜಾಗ ಇವತ್ತಿಗೆ ಸರಿ ಇರುವುದಿಲ್ಲ, ಬಿಸಿ ಮತ್ತು ಗಾಳಿಯ ಒತ್ತಡ ಬದಲಾದ ಹಾಗೆ ಅದೂ ಜರುಗುತ್ತದೆ. ಅರ್ಧ ಗಂಟೆಗೊಮ್ಮೆ ನಾನು ಮತ್ತೆ ಮುಟ್ಟಿ ನೋಡುತ್ತೇನೆ. ಇನ್ನೊಂದು ಚಂದದ ವಿಷಯ ಇದೆ. ಸೆಕೆಂಡಿಗೆ 50 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆ ಬರುವ ಅನಿಲದ ಬೆಳಕು 0.11 ನ್ಯಾನೋಮೀಟರಿನಷ್ಟು ಸರಿಯುತ್ತದೆ. ನಮ್ಮ ಫಿಲ್ಟರಿನ ಅಗಲವೇ 0.07. ಅಂದರೆ ಆ ಅನಿಲ ನಡುವಿನ ಟ್ಯೂನಿಂಗಿನಲ್ಲಿ ಮಾಯವಾಗಿ, ಗುಬುಟು ಸ್ವಲ್ಪ ತಿರುಗಿಸಿದರೆ ಮತ್ತೆ ಪ್ರತ್ಯಕ್ಷವಾಗುತ್ತದೆ. ಕಣ್ಣೆದುರು ಇದ್ದ ಫಿಲಮೆಂಟ್ ಇದ್ದಕ್ಕಿದ್ದ ಹಾಗೆ ಕಾಣದಾದರೆ ಆಚೆ ಈಚೆ ಟ್ಯೂನ್ ಮಾಡಿ ಹುಡುಕಿ, ಅದು ಎದ್ದು ಹೊರಟಿರಬಹುದು.

ಸಣ್ಣ ಟೆಲಿಸ್ಕೋಪುಗಳಲ್ಲಿ ಬಿಂಬದ ಎಲ್ಲ ಕಡೆ ಒಂದೇ ರೀತಿ ಟ್ಯೂನ್ ಆಗುವುದಿಲ್ಲ. ಒಂದು ಬದಿ ಚೆನ್ನಾಗಿ, ಇನ್ನೊಂದು ಬದಿ ಸಪ್ಪೆ. ಸೂರ್ಯನನ್ನು ಚೌಕಟ್ಟಿನಲ್ಲಿ ಅತ್ತಿತ್ತ ಸರಿಸಿ ಚೆನ್ನಾಗಿ ಬರುವ ಜಾಗ ಕಂಡುಕೊಳ್ಳಿ, ಅದನ್ನು ನೆನಪಿಡಿ.

ರೆಕಾರ್ಡ್ ಮಾಡುವುದು

ಒಂದು ಫೋಟೋ ತೆಗೆದರೆ ಸಾಲದು. ಗಾಳಿ ಕ್ಷಣ ಕ್ಷಣ ಬದಲಾಗುತ್ತದೆ, ಆದ್ದರಿಂದ ವಿಡಿಯೋ ತೆಗೆದು ಅದರಿಂದ ಒಳ್ಳೆಯ ಚೌಕಟ್ಟುಗಳನ್ನು ಮಾತ್ರ ಆರಿಸಿ ಒಂದರ ಮೇಲೊಂದು ಕೂರಿಸಬೇಕು. ಶಾರ್ಪ್‌ಕ್ಯಾಪ್ ಅಥವಾ ಫೈರ್‌ಕ್ಯಾಪ್ಚರ್, ರೆಕಾರ್ಡ್ ಮಾಡುವ ಯಾವ ತಂತ್ರಾಂಶವಾದರೂ ಸರಿ. ಎಸ್‌ಇಆರ್ ಎಂಬ ವಿಡಿಯೋ ಫೈಲಿನ ರೂಪದಲ್ಲಿ ಉಳಿಸಿ. ಎಕ್ಸ್‌ಪೋಷರ್ 10 ಮಿಲಿಸೆಕೆಂಡಿಗಿಂತ ಕಡಿಮೆ ಇರಲಿ, ಗಾಳಿಯ ಅಲುಗಾಟ ನಿಲ್ಲುವುದು ಆಗಲೇ. ಬೆಳಕಿನ ಮಟ್ಟ ತೋರಿಸುವ ಹಿಸ್ಟೋಗ್ರಾಮ್ 70 ಪ್ರತಿಶತದ ಹತ್ತಿರ, ಕ್ಯಾಮೆರಾ ತಾನೇ ಬೆಳಕು ಹಿಗ್ಗಿಸುವ ಗೇನ್ ಆದಷ್ಟು ಕೆಳಗೆ. ಫೋಕಸನ್ನು ಈಗ ಪರದೆಯ ಮೇಲೆ, ಕಲೆ ಅಥವಾ ಫಿಲಮೆಂಟ್ ಒಂದನ್ನು ಹಿಗ್ಗಿಸಿಟ್ಟುಕೊಂಡು ಮತ್ತೆ ಸರಿ ಮಾಡಿ. ಅವಸರ ಬೇಡ, ನನ್ನ ಅರ್ಧ ಹೊತ್ತು ಫೋಕಸಿಗೇ ಹೋಗುತ್ತದೆ.

ಸಾವಿರ ಚೌಕಟ್ಟು ಸಾಕು. 178 ಕ್ಯಾಮೆರಾದ ಪೂರ್ತಿ ಚೌಕಟ್ಟು 8 ಬಿಟ್‌ನಲ್ಲಿ 6.4 ಎಂಬಿ, ಅಂದರೆ ಸಾವಿರಕ್ಕೆ 6.4 ಜಿಬಿ. ಡಿಸ್ಕ್ ಕ್ಷಣದಲ್ಲಿ ತುಂಬುತ್ತದೆ, ಹಾಗಾಗಿ ಬಿಂಬದ ಸುತ್ತ ಬೇಡದ ಜಾಗವನ್ನು ಕತ್ತರಿಸಿ ರೆಕಾರ್ಡ್ ಮಾಡಿ. ಒಂದು ವಿಡಿಯೋ ಒಂದು ನಿಮಿಷಕ್ಕಿಂತ ಉದ್ದ ಬೇಡ. ಅಷ್ಟರಲ್ಲಿ ಸೂರ್ಯನೇ ಬದಲಾಗಿರುತ್ತಾನೆ.

ಬಿಂಬಕ್ಕೆ ಸರಿಯಾದ ಎಕ್ಸ್‌ಪೋಷರಿನಲ್ಲಿ ಪ್ರಾಮಿನೆನ್ಸ್ ಕಾಣುವುದು ಕಷ್ಟ. ಅದಕ್ಕೆ ಐದಾರು ಪಟ್ಟು ಜಾಸ್ತಿ ಕೊಟ್ಟು ಬೇರೆಯೇ ವಿಡಿಯೋ ತೆಗೆಯಿರಿ. ಬಿಂಬ ಬೆಳ್ಳಗೆ ಸುಟ್ಟುಹೋದ ಹಾಗೆ ಕಾಣುತ್ತದೆ, ಹೆದರಬೇಡಿ, ಅಲ್ಲಿ ನಮಗೆ ಬೇಕಾದದ್ದು ಅಂಚು ಮಾತ್ರ.

ಪರದೆಯ ಮೇಲೆ ಅಡ್ಡಡ್ಡ ಪಟ್ಟೆಗಳು ಕಂಡರೆ ಅವು ನ್ಯೂಟನ್ ಉಂಗುರಗಳು. ಒಂದೇ ತರಂಗಾಂತರದ ಬೆಳಕು ಸೆನ್ಸರಿನ ಗಾಜಿನೊಳಗೆ ಆಚೆ ಈಚೆ ಪ್ರತಿಫಲಿಸುವುದರಿಂದ ಬರುತ್ತವೆ. ಕ್ಯಾಮೆರಾವನ್ನು ಚೂರು ಓರೆ ಮಾಡುವ ಅಡಾಪ್ಟರ್ ಸಿಗುತ್ತದೆ, ಅದು ಹಾಕಿದರೆ ಹೋಗುತ್ತವೆ. ದೂಳಿನ ಚುಕ್ಕೆಗಳನ್ನು ಆಮೇಲೆ ಚಿತ್ರದಿಂದ ಕಳೆಯಲು ಫ್ಲಾಟ್ ಎಂಬ ಖಾಲಿ ಚಿತ್ರ ತೆಗೆಯಬೇಕು. ತೆಳ್ಳಗಿನ ಬಿಳಿ ಪ್ಲಾಸ್ಟಿಕ್ ತೊಟ್ಟೆಯನ್ನು ಟೆಲಿಸ್ಕೋಪಿನ ಬಾಯಿಗೆ ಬಿಗಿಯಾಗಿ ಹಿಡಿದು, ಫೋಕಸ್ ಮುಟ್ಟದೆ, ಎಕ್ಸ್‌ಪೋಷರ್ ಏರಿಸಿ ನೂರು ಚೌಕಟ್ಟು ತೆಗೆದರೆ ಸಾಕು. ಕ್ಯಾಮೆರಾ ತಿರುಗಿಸಿದರೆ ಫ್ಲಾಟನ್ನೂ ಹೊಸದಾಗಿ ತೆಗೆಯಿರಿ.

ಸಮಯ ಬರೆದಿಡುವುದನ್ನು ಮರೆಯಬೇಡಿ. ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ, ಬರೆದರೆ ಬೇರೆ ದೇಶದವರ ಚಿತ್ರದೊಂದಿಗೆ ಹೋಲಿಸಬಹುದು. ದೊಡ್ಡ ಪ್ರಾಮಿನೆನ್ಸ್ ಇದ್ದ ದಿನ ನಿಮಿಷಕ್ಕೊಂದು ಸಣ್ಣ ವಿಡಿಯೋದಂತೆ ಒಂದು ಗಂಟೆ ತೆಗೆದು ಜೋಡಿಸಿ. ಅದು ಕಾರಂಜಿಯಂತೆ ಏಳುವುದು, ಬಾಗುವುದು, ಮತ್ತೆ ಸುರಿಯುವುದು ಕಾಣುತ್ತದೆ. ನನ್ನ ಅಮ್ಮ ಅದನ್ನು ಜಗಲಿಯಲ್ಲಿ ಕೂತು ನಾಲ್ಕು ಸಲ ನೋಡಿದರು.

ಕಂಪ್ಯೂಟರಿನಲ್ಲಿ

ಆಟೋಸ್ಟ್ಯಾಕರ್ಟ್‌ ಎಂಬ, ಚೌಕಟ್ಟುಗಳನ್ನು ಆರಿಸಿ ಒಂದರ ಮೇಲೊಂದು ಕೂರಿಸುವ (ಸ್ಟ್ಯಾಕ್ ಮಾಡುವ) ತಂತ್ರಾಂಶದಲ್ಲಿ ಫೈಲ್ ತೆರೆದು, ಇಡೀ ಬಿಂಬ ಇದ್ದರೆ ಪ್ಲಾನೆಟ್, ಭಾಗ ಮಾತ್ರ ಇದ್ದರೆ ಸರ್ಫೇಸ್ ಎಂದು ಆರಿಸಿ. ಫ್ಲಾಟ್ ಕೊಡಿ. ಒಳ್ಳೆಯ 15 ಪ್ರತಿಶತ ಚೌಕಟ್ಟು ಇಟ್ಟುಕೊಳ್ಳಿ. ಬರುವ ಚಿತ್ರ ಮಬ್ಬಾಗಿರುತ್ತದೆ, ಅದು ಸಹಜ. ಅದನ್ನು ಐಎಂಪಿಪಿಜಿ ಎಂಬ ಉಚಿತ ತಂತ್ರಾಂಶಕ್ಕೆ ಹಾಕಿದರೆ ಚೂಪು ಮಾಡುವುದು, ಬೆಳಕು ಕತ್ತಲೆ ತಿದ್ದುವುದು ಎರಡೂ ಒಂದೇ ಕಡೆ ಆಗುತ್ತವೆ. ಚೂಪು ಮಾಡುವ ಅಳತೆ ಸಿಗ್ಮಾವನ್ನು 1.3ರಿಂದ ಶುರು ಮಾಡಿ ನಿಧಾನಕ್ಕೆ ಏರಿಸಿ. ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ನನ್ನ ಅಳತೆ ಇದು: ಬಿಂಬದ ಅಂಚಿನಲ್ಲಿ ಬಿಳಿ ಗೆರೆಯೊಂದು ಹುಟ್ಟಿತು ಅಂದರೆ ಜಾಸ್ತಿಯಾಯಿತು, ಎರಡು ಹೆಜ್ಜೆ ಹಿಂದೆ ಬನ್ನಿ. 50 ಮಿಲಿಮೀಟರಿನ ಟೆಲಿಸ್ಕೋಪ್ ಈ ಬೆಳಕಿನಲ್ಲಿ ಬಿಡಿಸಿ ತೋರಿಸುವುದು ಸುಮಾರು 3.3 ಆರ್ಕ್‌ಸೆಕೆಂಡ್, ಸೂರ್ಯನ ಬಿಂಬ ಸುಮಾರು 1900. ಅದಕ್ಕಿಂತ ಸಣ್ಣದು ಏನಾದರೂ ಕಂಡರೆ ಅದು ಸೂರ್ಯನದ್ದಲ್ಲ, ತಂತ್ರಾಂಶ ಹುಟ್ಟಿಸಿದ್ದು.

ಬಣ್ಣ ಕೊನೆಗೆ. ಚಿತ್ರ ಕಪ್ಪುಬಿಳುಪಿನದು, ಗಿಂಪ್‌ನಲ್ಲಿ ಲೆವೆಲ್ಸ್ ತೆರೆದು ಕೆಂಪಿನ ನಡುಮೌಲ್ಯ ಏರಿಸಿ, ಹಸಿರನ್ನು ಸ್ವಲ್ಪ, ನೀಲಿಯನ್ನು ಜೋರಾಗಿ ಇಳಿಸಿದರೆ ಕಿತ್ತಳೆ ಬರುತ್ತದೆ. ಬಿಂಬವನ್ನು ಮಾತ್ರ ತಿರುವಿ ನೆಗೆಟಿವ್ ಮಾಡುವವರಿದ್ದಾರೆ, ಆಗ ಮೈ ಉಬ್ಬಿದ ಹಾಗೆ ಕಾಣುತ್ತದೆ. ನನಗೆ ಕಪ್ಪುಬಿಳುಪೇ ಇಷ್ಟ. ಬಿಂಬ ಒಂದು ಎಕ್ಸ್‌ಪೋಷರಿನದು, ಪ್ರಾಮಿನೆನ್ಸ್ ಇನ್ನೊಂದರದು ಎಂದು ಜೋಡಿಸಿದ್ದರೆ ಚಿತ್ರದ ಕೆಳಗೆ ಹಾಗೆಂದು ಬರೆಯಿರಿ. ಡಯಾಗನಲ್ ಇದ್ದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವು ಮುರುವಾಗಿರುತ್ತದೆ. ಗಾಂಗ್ ಚಿತ್ರದ ಪಕ್ಕ ಇಟ್ಟು, ಉತ್ತರ ಮೇಲೆ ಬರುವ ಹಾಗೆ ಸರಿ ಮಾಡಿಕೊಳ್ಳಿ.

ಮಳೆಗಾಲ

ನಮ್ಮ ಊರಿನ ಜೂನ್ ಜುಲೈ ಚಾಪೆಯನ್ನೇ ಬೂಸ್ಟು ಹಿಡಿಸುತ್ತದೆ, ಇನ್ನು ಫಿಲ್ಟರ್ ಬಿಡುತ್ತದೆಯೇ? ಹಳೆಯ ಪಿಎಸ್‌ಟಿಗಳಲ್ಲಿ ಮುಂದಿನ ಲೆನ್ಸಿನ ಲೇಪ ತುಕ್ಕು ಹಿಡಿದಂತೆ ಮಂಕಾಗುವುದು ಎಲ್ಲ ಕಡೆ ಕೇಳಿಬರುವ ದೂರು, ತೇವ ಇರುವ ಕಡೆ ಇನ್ನೂ ಬೇಗ. ನನ್ನ ಮೊದಲ ಮಳೆಗಾಲದಲ್ಲಿ ಡಯಾಗನಲ್ಲನ್ನು ಮರದ ಕಪಾಟಿನಲ್ಲಿ ಇಟ್ಟಿದ್ದೆ. ಅಕ್ಟೋಬರಿನಲ್ಲಿ ತೆಗೆದಾಗ ಬ್ಲಾಕಿಂಗ್ ಫಿಲ್ಟರಿನೊಳಗಿನ ಗಾಜಿಗೆ ಹೊಗೆ ಕಟ್ಟಿದಂತಾಗಿತ್ತು, ಬದಲಿ ತರಿಸಲು ಒಂದು ಇಡೀ ಋತು ಹೋಯಿತು.

ಈಗ ಹೀಗೆ ಮಾಡುತ್ತೇನೆ. ರಬ್ಬರಿನ ಅಂಚಿರುವ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ. ಒಳಗೆ ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಕಾಲು ಕಿಲೋ, ಜತೆಗೆ ತೇವಾಂಶ ತೋರಿಸುವ ಸಣ್ಣ ಮೀಟರ್. 50 ಪ್ರತಿಶತ ದಾಟಿದರೆ ಜೆಲ್ ತೆಗೆದು ಹುರಿದು, ಪೂರ್ತಿ ಆರಿದ ಮೇಲೆ ಮತ್ತೆ ಹಾಕುವುದು. ಹುರಿಯಲು ಬೇರೆಯೇ ಬಾಣಲೆ ಇಡಿ, ಅಡುಗೆಯದು ಬೇಡ. ಬೆಳಿಗ್ಗೆ ಕೆಲಸ ಮುಗಿಸಿದ ಕೂಡಲೇ ಬೆಚ್ಚಗಿನ ಟೆಲಿಸ್ಕೋಪನ್ನು ಡಬ್ಬಕ್ಕೆ ಹಾಕಬಾರದು, ಒಂದು ಗಂಟೆ ನೆರಳಿನಲ್ಲಿ ತಣಿಯಲಿ. ಎಟಲಾನನ್ನು ಮಾತ್ರ ಏನೇ ಆದರೂ ಬಿಚ್ಚಬೇಡಿ.

ಮಳೆಯ ತಿಂಗಳುಗಳಲ್ಲಿ ಚಳಿಗಾಲದ ವಿಡಿಯೋಗಳನ್ನು ಮತ್ತೆ ತೆರೆದು ಸ್ಟ್ಯಾಕ್ ಮಾಡಿ ಅಭ್ಯಾಸ ಮಾಡುತ್ತೇನೆ. ಸೂರ್ಯನ ಕಲೆಗಳು ಹೆಚ್ಚಿ ಮತ್ತೆ ಕಡಿಮೆಯಾಗುವ ಸುತ್ತಿಗೆ ಚಕ್ರ ಅನ್ನುತ್ತಾರೆ. 2024ರ ಹೊತ್ತಿಗೆ 25ನೇ ಚಕ್ರ ತನ್ನ ತುದಿ ಮುಟ್ಟಿತು. ಆ ವರ್ಷದ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯಲ್ಲೂ ಆಕಾಶ ಕೆಂಪಾಗಿತ್ತು, ನೆನಪಿದೆಯಲ್ವಾ? ತುದಿಯಿಂದ ಇಳಿಯುವ ವರ್ಷಗಳಲ್ಲೂ ದೊಡ್ಡ ಕಲೆಗಳು, ದೊಡ್ಡ ಸ್ಫೋಟಗಳು ಬರುತ್ತವೆ. ಆದ್ದರಿಂದ ತಡವಾಯಿತು ಎಂದು ಯಾರೂ ಹಿಂಜರಿಯಬೇಡಿ.

ಮಳೆ ನಿಂತು ಡಬ್ಬ ತೆರೆದ ದಿನ ನೇರ ಸೂರ್ಯನ ಕಡೆ ಓಡಬೇಡಿ. ಮೊದಲು ಡಯಾಗನಲ್ ಕೈಯಲ್ಲಿ ಹಿಡಿದು, ಐಪೀಸ್ ಕೂರುವ ತೂತಿನಿಂದ ಟಾರ್ಚ್ ಬಿಟ್ಟು ನೋಡಿ. ಗಾಜು ಎಲ್ಲ ಕಡೆ ಒಂದೇ ರೀತಿ ಹೊಳೆಯಬೇಕು. ಮಬ್ಬು, ಬಿರುಕು, ಅಂಚಿನಿಂದ ಸುಲಿದಂಥ ಗುರುತು ಏನೇ ಕಂಡರೂ ಅದರಲ್ಲಿ ಕಣ್ಣಿಡಬೇಡಿ, ತಯಾರಿಸಿದವರಿಗೆ ಫೋಟೋ ಕಳಿಸಿ ಕೇಳಿ. ಎಲ್ಲ ಸರಿ ಇದ್ದರೆ ಮರುದಿನ ಎಂಟಕ್ಕೆ ಬೈಲಿಗೆ ಇಳಿಯಿರಿ.